ಅಭ್ಯರ್ಥಿಗಳ ಪ್ರಮಾಣಪತ್ರ ಮತ್ತು ಅಂತರ್ಜಾಲ

ಭಾರತದಲ್ಲಿ ಚುನಾವಣೆಗೆ ನಿಲ್ಲುವವರು ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರವನ್ನು (ಫಾರಂ 26) ಮತದಾರರು ಅಂತರ್ಜಾಲದಲ್ಲಿ ಓದಿ, ಹೋಲಿಸಿ ನೋಡುವ ವ್ಯವಸ್ಥೆ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್) 1999ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯಿಂದ ಇದು ಹುಟ್ಟಿತು. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅದನ್ನು ತಪ್ಪಿಸಲು ಸಂಸತ್ತು ತಂದ ತಿದ್ದುಪಡಿ 2003ರಲ್ಲಿ ರದ್ದಾಯಿತು.

ಕ್ರಿಮಿನಲ್ ಪ್ರಕರಣ, ಚರ-ಸ್ಥಿರ ಆಸ್ತಿ, ಸಾಲ, ವಿದ್ಯಾರ್ಹತೆ ಎಲ್ಲವೂ ಪ್ರಮಾಣಪತ್ರದಲ್ಲಿರಬೇಕು. ಪತ್ನಿ ಅಥವಾ ಪತಿಯ ಮತ್ತು ಅವಲಂಬಿತರ ಆಸ್ತಿಯೂ ಸೇರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುವುದು ಬಹುಮಟ್ಟಿಗೆ ಸ್ಕ್ಯಾನ್ ಮಾಡಿದ ಪುಟಗಳು. ಸರ್ವೆ ನಂಬರು, ಚಿನ್ನದ ತೂಕ, ಕಾರಿನ ನೋಂದಣಿ ಸಂಖ್ಯೆಗಳ ನಡುವೆ ಬೇಕಾದ್ದನ್ನು ಹುಡುಕುವುದು ಪ್ರಯಾಸದ ಕೆಲಸ. ಎಡಿಆರ್‌ನ ಮೈನೇತಾ ತಾಣ ಅದನ್ನೇ ಕ್ಷೇತ್ರವಾರು ಪಟ್ಟಿಯಾಗಿ ಕೊಡುತ್ತದೆ. ಒಬ್ಬರೇ ಹಲವು ಬಾರಿ ಸ್ಪರ್ಧಿಸಿದ್ದರೆ ಆಸ್ತಿ ಎಷ್ಟು ಬೆಳೆದಿದೆ ಎಂಬುದೂ ತಿಳಿಯುತ್ತದೆ. ಮತದಾರರಿಗೆ ಹೆಚ್ಚು ಉಪಯುಕ್ತವಾದದ್ದು ಈ ಹೋಲಿಕೆಯೇ. ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲಿ ಪ್ರಕರಣಗಳ ವಿವರ ಸಿಗುತ್ತದೆ.

ಪ್ರಕರಣ ಎದುರಿಸುತ್ತಿರುವವರಿಗೆ ಟಿಕೆಟ್ ಕೊಟ್ಟದ್ದೇಕೆ ಎಂಬುದನ್ನು ಪಕ್ಷಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಬಾರದು ಎಂದೂ ಹೇಳಿತು.

ಪ್ರಮಾಣಪತ್ರದ ಮಾಹಿತಿ ಅಭ್ಯರ್ಥಿಯ ಸ್ವಂತ ಘೋಷಣೆ. ನಾಮಪತ್ರ ಪರಿಶೀಲನೆಯ ವೇಳೆ ಚುನಾವಣಾಧಿಕಾರಿ ಅದರ ಸತ್ಯಾಸತ್ಯತೆಯ ತನಿಖೆ ನಡೆಸುವುದಿಲ್ಲ. ಸುಳ್ಳು ಮಾಹಿತಿ ಕೊಟ್ಟರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡನ್ನೂ ವಿಧಿಸಬಹುದು.