90 ನಂಬರಿನಿಂದ ಎಟಿಎಫ್‌ವರೆಗೆ: ಟ್ರಾನ್ಸ್‌ಫರ್ ಕೇಸಿನ ಎಣ್ಣೆ ನಡೆದು ಬಂದ ದಾರಿ

ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದಕ್ಕೆ ಯಾವ ಎಣ್ಣೆ ಎಂದು ಹೈದರಾಬಾದಿನಂಥ ಊರಿನಲ್ಲಿ ಕೇಳಿದರೆ, ಬಿಸಿಲು ಜೋರು, ಮಂದ ಎಣ್ಣೆಯೇ ಒಳ್ಳೆಯದು ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಎಂಬತ್ತು ವರ್ಷಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಪೆಟ್ಟಿಗೆಯೊಳಗಿನ ಭಾಗಗಳು ಬದಲಾದಂತೆಲ್ಲ ಎಣ್ಣೆಯೂ ಬದಲಾಗಿದೆ. ಹವೆಯ ವಿಚಾರ ಅದರ ನಂತರದ್ದು.

1941ರ ವಿಲ್ಲಿಸ್ ಜೀಪಿನಲ್ಲಿದ್ದ ಸ್ಪೈಸರ್ 18 ಪೆಟ್ಟಿಗೆಯೊಳಗೆ ಇದ್ದದ್ದು ಗೇರುಗಳು, ಬೇರಿಂಗುಗಳು ಅಷ್ಟೆ. ಹಲ್ಲಿಗೆ ಹಲ್ಲು ಒತ್ತುವಾಗ ನಡುವಿನ ಎಣ್ಣೆಯ ಪದರ ಹರಿಯಬಾರದು. ಆದ್ದರಿಂದ ಮಂದವಾದ 90 ನಂಬರ್ ಗೇರ್ ಆಯಿಲ್ ಅದಕ್ಕೆ ಸರಿಹೊಂದಿತು. ಆ ಜೀಪಿನ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವೆ ಎಣ್ಣೆ ಹರಿದಾಡುತ್ತಿದ್ದುದರಿಂದ ಎರಡಕ್ಕೂ ಒಂದೇ ಎಣ್ಣೆ. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ ನಮ್ಮ ಮೆಕ್ಯಾನಿಕ್‌ಗಳ ಕೈ 90 ನಂಬರಿಗೇ ಪಳಗಿತು. 1985ರ ಮಾರುತಿ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂತಿತು, ನಡುವೆ ಒಂದು ಗಿಡ್ಡ ಶಾಫ್ಟ್. ಒಳಗೆ ಮಾತ್ರ ಗೇರುಗಳೇ ಇದ್ದುದರಿಂದ ಗೇರ್ ಆಯಿಲ್ ಮುಂದುವರಿಯಿತು. ಮಟ್ಟವನ್ನು ಪ್ರತ್ಯೇಕವಾಗಿ ನೋಡುವ ಕೆಲಸವೊಂದು ಹೆಚ್ಚಿತು.

ಗೇರ್ ಆಯಿಲ್‌ಗಳಲ್ಲೂ ಭೇದವಿದೆ. ಹೈಪಾಯ್ಡ್ ಗೇರಿನ ಡಿಫರೆನ್ಶಿಯಲ್‌ಗೆಂದು ರೂಪುಗೊಂಡ ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚು. ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಕಡೆ ಅದು ಹಿಡಿತ ಕಡಿಮೆ ಮಾಡಬಲ್ಲದು. ಕೆಲವು ಹಳೆಯ ಮಿಶ್ರಣಗಳು ಹಿತ್ತಾಳೆಯನ್ನು ತಿನ್ನುತ್ತಿದ್ದವು ಕೂಡ. ಅಂಥಲ್ಲಿ ಜಿಎಲ್-4 ಬೇಕು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಎಣ್ಣೆ ಮೇಲಲ್ಲ.

ದೊಡ್ಡ ತಿರುವು ಬಂದದ್ದು ಚೈನಿನಿಂದ. 1973ರ ಹೊತ್ತಿಗೆ ಅಮೆರಿಕದ ನ್ಯೂ ಪ್ರೊಸೆಸ್ ಕಂಪನಿಯ ಎನ್‌ಪಿ203 ಪೆಟ್ಟಿಗೆ ಚೈನಿನ ಮೂಲಕ ಮುಂದಿನ ಆಕ್ಸಲ್‌ಗೆ ಶಕ್ತಿ ಕೊಡುತ್ತಿತ್ತು. ಅದಕ್ಕೆ ಹೇಳಿದ್ದು ಎಂಜಿನ್ ಆಯಿಲ್. 1980ರಲ್ಲಿ ಬಂದ ಎನ್‌ಪಿ208 ಅಲ್ಯೂಮಿನಿಯಂ ಪೆಟ್ಟಿಗೆಗೆ ಇನ್ನೂ ತೆಳುವಾದ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್. ಚೈನಿನ ಕೊಂಡಿಗಳ ಸಂದಿಗೆ ಎಣ್ಣೆ ಇಳಿಯಬೇಕು. ಸಣ್ಣ ಪಂಪು ಅದನ್ನು ಜಾಲರಿಯ ಮೂಲಕ ಹೀರಿ ಮೇಲಿನ ಬೇರಿಂಗುಗಳಿಗೆ ತಲುಪಿಸಬೇಕು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಟಿಎಫ್‌ನ ಸ್ನಿಗ್ಧತೆ ಸುಮಾರು 7 ಸೆಂಟಿಸ್ಟೋಕ್ ಆದರೆ, 90 ನಂಬರಿನದು ಕನಿಷ್ಠ 13.5. ಭಾರತದಲ್ಲಿ ಮಹೀಂದ್ರ ಸ್ಕಾರ್ಪಿಯೊದ ಫೋರ್ ವೀಲ್ ಡ್ರೈವ್ ಮಾದರಿಗೆ ಬೋರ್ಗ್‌ವಾರ್ನರ್ ಕಂಪನಿಯ ಚೈನ್ ಪೆಟ್ಟಿಗೆ ಬಂದಾಗ ಜೀಪಿನ ಕಾಲದ ರೂಢಿ ಸಾಲದಾಯಿತು.

ಮೂರನೆಯ ಹಂತ ಕ್ಲಚ್‌ನದು. 1990ರ ದಶಕದ ಕೊನೆಯಲ್ಲಿ ಜನರಲ್ ಮೋಟರ್ಸ್ ತನ್ನ ಆಟೊಟ್ರ್ಯಾಕ್ ಪೆಟ್ಟಿಗೆಯಲ್ಲಿ ಕ್ಲಚ್ ಪ್ಲೇಟುಗಳ ಮೂಲಕ ತಾನಾಗಿ ಮುಂದಿನ ಚಕ್ರಗಳಿಗೆ ಶಕ್ತಿ ಕಳಿಸತೊಡಗಿತು. ಅದಕ್ಕೇ ಮೀಸಲಾದ ನೀಲಿ ಎಣ್ಣೆ ಬಂತು. ಇಲ್ಲಿ ಎಣ್ಣೆ ಜಾರಿಸಿದರೆ ಸಾಲದು, ಪ್ಲೇಟುಗಳಿಗೆ ಹದವಾದ ಹಿಡಿತವನ್ನೂ ಕೊಡಬೇಕು. ತಪ್ಪು ಎಣ್ಣೆ ಬಿದ್ದರೆ ಪ್ಲೇಟುಗಳು ಹಿಡಿದು ಬಿಟ್ಟು ಅದುರುತ್ತವೆ.

ಇನ್ನು ಹೈದರಾಬಾದಿನ ಬಿಸಿಲು. ಚೈನ್ ಪೆಟ್ಟಿಗೆಗೆ ಬೇಸಿಗೆಯ ನೆಪದಲ್ಲಿ ಮಂದ ಎಣ್ಣೆ ಸುರಿದರೆ ಅದನ್ನು ಕಲಕುವುದಕ್ಕೇ ಶಕ್ತಿ ವ್ಯರ್ಥವಾಗಿ ಪೆಟ್ಟಿಗೆ ಇನ್ನಷ್ಟು ಕಾಯುತ್ತದೆ. ಈ ಊರಿನಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ನೀರಿನ ಬಗ್ಗೆ. 2020ರ ಅಕ್ಟೋಬರಿನ ಮಳೆಗೆ ಬಡಾವಣೆಗಳೇ ಮುಳುಗಿದವು. ಕಾದ ಪೆಟ್ಟಿಗೆ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಕೂಡಲೇ ಬದಲಿಸಬೇಕು. ಎಷ್ಟೇ ಬೆಲೆಯ ಎಣ್ಣೆಯಾದರೂ ನೀರು ಬೆರೆತ ಮೇಲೆ ಬೇರಿಂಗನ್ನು ಕಾಯದು.

ಮುಂದಿನ ಹಂತದಲ್ಲಿ ಎಣ್ಣೆಯ ಮೂಲವೇ ಬದಲಾಗಬಹುದು. ಹೈದರಾಬಾದಿನಲ್ಲೇ ಇರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಸಸ್ಯಜನ್ಯ ಎಣ್ಣೆಗಳಿಂದ ಯಂತ್ರದ ಎಣ್ಣೆ ತಯಾರಿಸುವ ಸಂಶೋಧನೆ ನಡೆಸುತ್ತ ಬಂದಿದೆ. ಸುತ್ತಲಿನ ಒಣಭೂಮಿಯಲ್ಲಿ ಬೆಳೆಯುವ ಹರಳಿನ ಎಣ್ಣೆ 100 ಡಿಗ್ರಿಯಲ್ಲೂ ಹೆಚ್ಚುಕಡಿಮೆ 90 ನಂಬರಿನಷ್ಟು ಮಂದ. ಅಂಥ ಎಣ್ಣೆ ನಾಳೆ ಬಂದರೂ ಅದು ಗೆಲ್ಲಬೇಕಾದದ್ದು ಪೆಟ್ಟಿಗೆಯೊಳಗಿನ ಭಾಗಗಳಿಗೆ ಹೊಂದುವ ಪರೀಕ್ಷೆಯನ್ನೇ.

ಆಯ್ಕೆಯ ಕ್ರಮ ಹೀಗಿರಲಿ: ಪೆಟ್ಟಿಗೆಯ ಮೇಲಿನ ಪಟ್ಟಿ ಓದಿ ಅದು ಯಾವುದೆಂದು ತಿಳಿಯಿರಿ, ಗಾಡಿಯ ಕೈಪಿಡಿಯಲ್ಲಿ ಗೇರ್‌ಬಾಕ್ಸಿನ ಸಾಲನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಸಾಲನ್ನು ನೋಡಿ. ಎಣ್ಣೆಯ ಬಣ್ಣ ನೋಡಿ ನಿರ್ಧರಿಸಬೇಡಿ. ಫಿಲ್ಲರ್ ಪ್ಲಗ್ ಬಿಚ್ಚಲು ಬರುತ್ತದೆಂದು ಖಚಿತವಾದ ಮೇಲಷ್ಟೇ ಹಳೆಯ ಎಣ್ಣೆ ಇಳಿಸಿ. ಗೇರೋ, ಚೈನೋ, ಕ್ಲಚ್ಚೋ ಎಂಬುದು ತಿಳಿದವರಿಗೆ ಎಣ್ಣೆಯ ಆಯ್ಕೆ ಕಷ್ಟವಲ್ಲ.