ಬೆಂಗಳೂರು ಮೆಟಲ್: 2007ಕ್ಕಿಂತ ಮುಂಚೆ

ಬೆಂಗಳೂರಿನ ಮೆಟಲ್ ಇತಿಹಾಸ ಅಂದ್ರೆ ಎಲ್ರೂ 2007ರ ಮಾರ್ಚ್ 17ಕ್ಕೇ ಓಡ್ತಾರೆ: ಅರಮನೆ ಮೈದಾನದಲ್ಲಿ ಐರನ್ ಮೇಡನ್. ಆಮೇಲೆ 2011ರ ಅಕ್ಟೋಬರ್ 30, ಮೆಟಾಲಿಕಾ. ನನ್ನ ಪ್ರಕಾರ ಇದು ನೆಂಟರ ಪಟ್ಟಿ, ಮನೆಯ ಇತಿಹಾಸ ಅಲ್ಲ.

ಮನೆಯ ಕತೆ ಇನ್ನೂ ಹಳೇದು. ಮಿಲೇನಿಯಂ ಶುರುವಾಗಿದ್ದು 1988ರಲ್ಲಿ, ಕ್ರಿಪ್ಟೋಸ್ 1998ರಲ್ಲಿ. ಕ್ರಿಪ್ಟೋಸ್‌ನ ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ (2004) ಸ್ವಲ್ಪ ಒರಟು. ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ (2012) ಹೊತ್ತಿಗೆ ಹದ ಸಿಕ್ಕಿತ್ತು. ನನ್ನ ವೋಟು ಇದಕ್ಕೇ.

ಒಂದೇ ಕೊರಗು. ಹಾಡೆಲ್ಲಾ ಇಂಗ್ಲಿಷು. ಸಾಸಲಿನಲ್ಲಿ ತಮಟೆ ಕೇಳ್ತಾ ಬೆಳೆದ ನನ್ನ ತಮ್ಮನಿಗೆ ಕೇಳಿಸಿದ್ರೆ, “ಬಡಿತ ಚೆನ್ನಾಗೈತೆ ಕಣಣ್ಣ, ಏನಂತವ್ನೆ?” ಅಂತಾನೆ. ರ್‍ಯಾಪ್ ಕನ್ನಡ ಕಲಿತು ಹಳ್ಳಿ ಮುಟ್ಟಿತು. ಮೆಟಲ್ ಮಾತ್ರ ಇನ್ನೂ ಹೆಬ್ಬಾಳ ದಾಟಿಲ್ಲ. ನೀವೇನಂತೀರಾ?