ಸಾವನ್ನು ಮರೆಮಾಚದ ಪ್ರಾಣಿಕಥೆಗಳು

ಪಂಚತಂತ್ರದ ಎರಡನೆಯ ತಂತ್ರದಲ್ಲಿ ಲಘುಪತನಕನೆಂಬ ಕಾಗೆ ತನ್ನ ಗೆಳೆಯ ಇಲಿ ಹಿರಣ್ಯಕನನ್ನು ಹೊತ್ತು ದೂರದ ಕೊಳಕ್ಕೆ ಹಾರುತ್ತದೆ. ಅಲ್ಲಿ ಆಮೆ ಮಂಥರಕ ಜೊತೆಯಾಗುತ್ತದೆ, ಆಮೇಲೆ ಜಿಂಕೆ ಚಿತ್ರಾಂಗ. ಬೇಡನ ಕೈಗೆ ಸಿಕ್ಕ ಆಮೆಯನ್ನು ಉಳಿದ ಮೂವರು ಉಪಾಯದಿಂದ ಬಿಡಿಸುತ್ತಾರೆ. ಗೆಳೆತನ, ಪಯಣ ಎರಡೂ ಇಲ್ಲಿವೆ. ಕೂಡಿಟ್ಟದ್ದೆಲ್ಲ ಹೋದ ಇಲಿಯ ಸಂಕಟವೂ ಇದೆ. ಆದರೆ ನಾಲ್ವರಲ್ಲಿ ಯಾರೂ ಸಾಯುವುದಿಲ್ಲ. 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಇದನ್ನು ಅರಬ್ಬಿಗೆ ತಂದ. 13ನೇ ಶತಮಾನದ ಹಸ್ತಪ್ರತಿಗಳಲ್ಲಿ ಈ ಪ್ರಾಣಿಗಳಿಗೆ ಬಣ್ಣ ಬಂತು. ಆ ಚಿತ್ರಗಳನ್ನು ಮಕ್ಕಳಿಗೆಂದು ಬರೆದದ್ದಲ್ಲ.

ಮಗುವಿನ ಕೈಗೇ ಕೊಡುವ ಸಚಿತ್ರ ಪ್ರಾಣಿಕಥೆ ಬೇರೂರಿದ್ದು ಬಹಳ ತಡವಾಗಿ. ಬಿಯಾಟ್ರಿಕ್ಸ್ ಪಾಟರ್ ಅವರ 1902ರ ‘ಪೀಟರ್ ರ‍್ಯಾಬಿಟ್’ನಲ್ಲಿ ಅಪ್ಪ ಮೊಲ ತೋಟದವನ ಮನೆಯ ಅಡುಗೆಯಾದ ಸಂಗತಿ ಕ್ಷಣದಲ್ಲಿ ಬಂದು ಹೋಗುತ್ತದೆ. 1931ರ ಫ್ರೆಂಚ್ ‘ಬಬಾರ್’ನಲ್ಲಿ ಬೇಟೆಗಾರ ತಾಯಾನೆಯನ್ನು ಕೊಂದ ಮೇಲೆ ಮರಿ ಪಟ್ಟಣಕ್ಕೆ ಓಡಿ ಸೂಟು ಕೊಳ್ಳುತ್ತದೆ. ಸಾವು ಇಲ್ಲಿ ಕಥೆ ಶುರುವಾಗಲು ಒಂದು ನೆಪ, ಅಷ್ಟೇ.

ಇದೇ ಕಾಲದಲ್ಲಿ ಕಲ್ಕತ್ತೆಯ ಕಡೆಯಿಂದ ಅಮೆರಿಕಕ್ಕೆ ಹೋದ ಧನಗೋಪಾಲ ಮುಖರ್ಜಿ ಬೇರೆಯೇ ದಾರಿ ಹಿಡಿದರು. ಅವರ ‘ಗೇ ನೆಕ್’ 1927ರಲ್ಲಿ ಬೋರಿಸ್ ಆರ್ಟ್ಸಿಬಾಷೆಫ್ ಅವರ ಚಿತ್ರಗಳೊಂದಿಗೆ ಬಂತು. ನಾಯಕ ಚಿತ್ರಗ್ರೀವ ಎಂಬ ಪಾರಿವಾಳ. ಪಂಚತಂತ್ರದ ಕಪೋತರಾಜನ ಹೆಸರೂ ಅದೇ. ಮುಖರ್ಜಿಯವರ ಪಾರಿವಾಳ ಹೆತ್ತವರನ್ನು ಕಳೆದುಕೊಳ್ಳುತ್ತದೆ, ಮೊದಲ ಮಹಾಯುದ್ಧದಲ್ಲಿ ಸಂದೇಶ ಹೊರಲು ಫ್ರಾನ್ಸಿಗೆ ಹೋಗುತ್ತದೆ, ಗಾಯಗೊಂಡು ಮರಳುತ್ತದೆ. ಗಾಯ ಮಾಯ್ದರೂ ಹಾರಲು ಹೆದರುತ್ತದೆ. ಹಿಮಾಲಯದ ಬೌದ್ಧ ಮಠವೊಂದರಲ್ಲಿ ಆ ಹೆದರಿಕೆ ಇಳಿಯುತ್ತದೆ. ಕಳೆದುಕೊಂಡ ಮೇಲೆ ಜೀವ ಹೇಗೆ ನಡುಗುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ಮಕ್ಕಳಿಗೆ ಹೇಳಿದವರು ಅಂದು ವಿರಳ. 1928ರಲ್ಲಿ ಇದಕ್ಕೆ ನ್ಯೂಬೆರಿ ಪದಕ ಬಂತು. ಇಂಥ ಪುಸ್ತಕ ನಮ್ಮ ಮನೆಗಳಲ್ಲಿ ಅಪರಿಚಿತವಾಗಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

1952ರಲ್ಲಿ ಇ. ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’, ಗಾರ್ತ್ ವಿಲಿಯಮ್ಸ್ ಅವರ ರೇಖಾಚಿತ್ರಗಳೊಂದಿಗೆ ಬಂತು. ಹಂದಿಮರಿ ವಿಲ್ಬರನ ಪ್ರಾಣ ಉಳಿಸಿದ ಜೇಡ ಷಾರ್ಲಟ್, ಜಾತ್ರೆಯ ಬಯಲಿನಲ್ಲಿ ಒಂಟಿಯಾಗಿ ಸಾಯುತ್ತದೆ. ವಿಲ್ಬರ್ ಅದರ ಮೊಟ್ಟೆಚೀಲವನ್ನು ಬಾಯಲ್ಲಿಟ್ಟುಕೊಂಡು ಹಟ್ಟಿಗೆ ಮರಳುತ್ತದೆ. ಗೆಳತಿಯನ್ನು ಬದುಕಿಸುವ ಪವಾಡವೇನೂ ನಡೆಯುವುದಿಲ್ಲ. ಈ ಪರಂಪರೆಗೆ ತಿರುವು ಕೊಟ್ಟ ಪುಸ್ತಕ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮುಂದೆ ಸಾವೇ ಚಿತ್ರಪುಸ್ತಕದ ವಸ್ತುವಾಯಿತು. ಸೂಸನ್ ವಾರ್ಲಿ ಅವರ 1984ರ ಪುಸ್ತಕದಲ್ಲಿ ಮುದಿ ಬ್ಯಾಜರ್ ತೀರಿಕೊಂಡ ಬಳಿಕ ಗೆಳೆಯರು ಅವನು ಕಲಿಸಿದ್ದನ್ನು ನೆನೆಯುತ್ತಾರೆ: ಕಾಗದದ ಗೊಂಬೆ ಕತ್ತರಿಸುವುದು, ಟೈ ಕಟ್ಟುವುದು. ಡಚ್ ಕಲಾವಿದ ಮ್ಯಾಕ್ಸ್ ವೆಲ್ತೈಸ್ 1991ರಲ್ಲಿ ಅಲುಗಾಡದ ಹಕ್ಕಿಯೊಂದರ ಮುಂದೆ ಕಪ್ಪೆ, ಹಂದಿ, ಬಾತು, ಮೊಲಗಳನ್ನು ನಿಲ್ಲಿಸಿದರು. ಮಲಗಿದೆ ಎನ್ನುತ್ತದೆ ಒಂದು, ಕಾಯಿಲೆ ಎನ್ನುತ್ತದೆ ಇನ್ನೊಂದು. ಸತ್ತಿದೆ ಎಂದು ಹೇಳುವುದು ಮೊಲ. ಮಣ್ಣು ಮಾಡಿ ಬರುವಾಗ ಅವು ಆಟಕ್ಕಿಳಿಯುತ್ತವೆ. ಮಕ್ಕಳ ದುಃಖದ ರೀತಿಯೇ ಅದು. ವೆಲ್ತೈಸ್ ಅದನ್ನು ತಿದ್ದಲು ಹೋಗಲಿಲ್ಲ. ಜರ್ಮನಿಯ ವುಲ್ಫ್ ಎರ್ಲ್‌ಬ್ರುಖ್ 2007ರಲ್ಲಿ ಸಾವನ್ನೇ ಬಾತುಕೋಳಿಯ ಜೊತೆಗಾರನನ್ನಾಗಿ ಮಾಡಿದರು. ಚಿತ್ರಗಳ ಸುತ್ತ ಬಿಟ್ಟ ಖಾಲಿ ಜಾಗವೇ ಅಲ್ಲಿ ಅರ್ಧ ಕಥೆ ಹೇಳುತ್ತದೆ.

ಮಕ್ಕಳಿಗೆ ಇದೆಲ್ಲ ತಡೆದುಕೊಳ್ಳಲಾಗದು ಎನ್ನುವವರಿಗೆ ಕನ್ನಡದ ಉತ್ತರ ಗೋವಿನ ಹಾಡಿನಲ್ಲೇ ಇದೆ. ಪುಣ್ಯಕೋಟಿ ಕರುವನ್ನು ಬೀಳ್ಕೊಡುವಾಗ ಅಳದೆ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ? ಕೊನೆಗೆ ಹುಲಿ ಪ್ರಾಣ ಬಿಡುವುದನ್ನೂ ನಾವು ಮಕ್ಕಳಿಂದ ಮುಚ್ಚಿಟ್ಟವರಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಓದಿಸಲು ವೇದಿಕೆ ಇದೆ. ನಮ್ಮ ಬರಹಗಾರರು, ಕಲಾವಿದರು ಗೋವಿನ ಹಾಡಿನಷ್ಟು ಧೈರ್ಯದ ಹೊಸ ಪ್ರಾಣಿಕಥೆಗಳನ್ನು ಕೊಡಲಿ; ಓದಿ ಹೇಳುವ ಅಪ್ಪ ಅಮ್ಮಂದಿರು ಆ ಕಷ್ಟದ ಪುಟವನ್ನು ಹಾರಿಸದಿರಲಿ.